ಐಸ್ ಪ್ಲಾಂಟ್: ಪ್ಯಾನೆಲ್‌ಗೆ ಪಿಎಲ್‌ಸಿ ಉತ್ತರ ಕೊಡುತ್ತಿಲ್ಲ, ಕಂಪ್ರೆಸರ್ ಹಾಕಿದರೆ ಪೂರ್ತಿ ಬಂದ್

ಬೈತಖೋಲ್_ಐಸ್

ಎಲ್ಲರಿಗೂ ನಮಸ್ಕಾರ. ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟ್‌ನಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಬೋಟ್ ಬಂದ್ ಇರುತ್ತದಲ್ವಾ, ಆಗ ನಮ್ಮದೂ ಬಂದ್. ಈ ಸಲ ಎರಡು ತಿಂಗಳು ಮೇನ್ ಸ್ವಿಚ್ಚೇ ಇಳಿಸಿ ಬೀಗ ಹಾಕಿದ್ದೆವು. ಬೋಟ್ ಇಳಿಯುವ ಮೊದಲು ಐಸ್ ರೆಡಿ ಇರಬೇಕು ಅಂತ ನಾಲ್ಕು ದಿನ ಮುಂಚೆ ಪವರ್ ಹಾಕಿದರೆ ಆಪರೇಟರ್ ಪ್ಯಾನೆಲ್ ಆನ್ ಆಗುತ್ತದೆ, ಸ್ಕ್ರೀನ್ ಬರುತ್ತದೆ, ಆದರೆ ನಂಬರ್ ಇರಬೇಕಾದ ಜಾಗದಲ್ಲೆಲ್ಲ ಬರೀ ಹ್ಯಾಶ್ ಗುರುತು. ಕೆಳಗೆ ಸ್ಟೇಷನ್ 1 ನೋ ರೆಸ್ಪಾನ್ಸ್ ಅಂತ ಕೆಂಪು ಪಟ್ಟಿ.

ನಮ್ಮ ಸೆಟಪ್ ಹೀಗಿದೆ. ಪ್ಯಾನೆಲ್ ಆಫೀಸ್ ಪಕ್ಕದ ಕಂಟ್ರೋಲ್ ರೂಮಿನಲ್ಲಿ. ಪಿಎಲ್‌ಸಿ, ಅಂದರೆ ಪ್ಲಾಂಟ್ ನಡೆಸುವ ಕಂಟ್ರೋಲರ್, ಕಂಪ್ರೆಸರ್ ರೂಮಿನ ದೊಡ್ಡ ಪ್ಯಾನೆಲ್ ಬೋರ್ಡ್ ಒಳಗೆ, ಸುಮಾರು 45 ಮೀಟರ್ ದೂರ. ಎರಡರ ನಡುವಿನ ಲೈನ್ ಆರ್‌ಎಸ್-485, ಮಾತಾಡುವ ಭಾಷೆ ಮಾಡ್‌ಬಸ್ ಆರ್‌ಟಿಯು, ಬಾಡ್ ರೇಟ್ (ವೇಗ) 9600, 8 ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್. ಪ್ಯಾನೆಲ್ ಮಾಸ್ಟರ್. ಪಿಎಲ್‌ಸಿ ಸ್ಟೇಷನ್ 1. ಬ್ರೈನ್ (ಉಪ್ಪುನೀರು) ಟ್ಯಾಂಕ್ ಟೆಂಪರೇಚರ್ ಇಂಡಿಕೇಟರ್ ಸ್ಟೇಷನ್ 2, ಅದು ಪ್ಯಾನೆಲ್ ಪಕ್ಕದಲ್ಲೇ ಇದೆ.

ಒಮ್ಮೊಮ್ಮೆ ಎರಡು ಮೂರು ಸೆಕೆಂಡ್ ನಂಬರ್ ಬಂದು ಹೋಗುತ್ತದೆ. ಕಂಪ್ರೆಸರ್ ಸ್ಟಾರ್ಟ್ ಮಾಡಿದರೆ ಅದೂ ಇಲ್ಲ. ಮಜಾ ಏನೆಂದರೆ ಬ್ರೈನ್ ಟೆಂಪರೇಚರ್ ಮಾತ್ರ ಯಾವಾಗಲೂ ಬರುತ್ತದೆ.

ಪ್ಯಾನೆಲ್ ಕಡೆ ಕನೆಕ್ಟರ್ ಹೊಸದು ಹಾಕಿದೆ. ಟೈಮ್‌ಔಟ್ 1 ಸೆಕೆಂಡಿನಿಂದ 3ಕ್ಕೆ ಏರಿಸಿದೆ. ಬಾಡ್ ರೇಟ್ ಎರಡೂ ಕಡೆ 19200 ಮಾಡಿ ನೋಡಿ ವಾಪಸ್ 9600ಕ್ಕೆ ತಂದೆ. ಲ್ಯಾಪ್‌ಟಾಪ್‌ನಲ್ಲಿದ್ದ ಬ್ಯಾಕಪ್‌ನಿಂದ ಪ್ಯಾನೆಲ್ ಪ್ರೋಗ್ರಾಂ ಮತ್ತೆ ಲೋಡ್ ಮಾಡಿದೆ. ಬಂದ ಸರ್ವಿಸ್ ಹುಡುಗ ಪ್ಯಾನೆಲ್ ಹೋಗಿದೆ, ಹೊಸದು ತರಿಸಿ ಅಂದ. ಮಾಲೀಕರು ನನ್ನ ಮಾತಿಗೆ ಕಾಯುತ್ತಿದ್ದಾರೆ. ಹೊಸದು ತರಿಸೋಕೆ ಹೇಳಲಾ ಬೇಡವಾ?

ಅಘನಾಶಿನಿ_ಬದಿ

ಬೇಡ ಬೇಡ, ತರಿಸಬೇಡಿ. ನೀವು ಬರೆದಿದ್ದರಲ್ಲೇ ಉತ್ತರ ಇದೆ. ಸ್ಟೇಷನ್ 2 ಅದೇ ಪೋರ್ಟಿನಿಂದ ಅದೇ ಸೆಟ್ಟಿಂಗ್‌ನಲ್ಲಿ ಸರಿಯಾಗಿ ಮಾತಾಡುತ್ತಿದೆ ಅಂದಮೇಲೆ ಪ್ಯಾನೆಲ್ ಪೋರ್ಟ್ ಜೀವಂತ ಇದೆ ಅಂತಲೇ ಅರ್ಥ. ತೊಂದರೆ ಆ 45 ಮೀಟರ್ ಕೇಬಲ್‌ನಲ್ಲಿ ಇರಬೇಕು, ಇಲ್ಲಾ ಪಿಎಲ್‌ಸಿ ಹತ್ತಿರ ಇರಬೇಕು.

ನಾನು ಕುಮಟಾದಲ್ಲಿ ಗೇರುಬೀಜದ ಫ್ಯಾಕ್ಟರಿಯ ಮೆಂಟೆನೆನ್ಸ್ ನೋಡುವವನು. ಮೊದಲು ಪಿಎಲ್‌ಸಿ ಮುಂದೆ ನಿಂತು ಲೈಟ್ ನೋಡಿ. ಆರ್‌ಎಕ್ಸ್ (ಕೇಳುವ ಲೈಟ್) ಮಿನುಗುತ್ತಿದೆ, ಟಿಎಕ್ಸ್ (ಉತ್ತರ ಕೊಡುವ ಲೈಟ್) ಮಿನುಗುತ್ತಿಲ್ಲ ಅಂದರೆ ಅದಕ್ಕೆ ಕೇಳಿಸುತ್ತಿದೆ, ಅರ್ಥ ಆಗುತ್ತಿಲ್ಲ. ಆಗ ಸ್ಟೇಷನ್ ನಂಬರ್, ಪ್ಯಾರಿಟಿ, ಸಿಗ್ನಲ್‌ನ ಎರಡು ವೈರ್ ಎ ಬಿ ಅದಲು ಬದಲು, ಇವನ್ನು ನೋಡಬೇಕು. ಆರ್‌ಎಕ್ಸ್ ಕೂಡ ಸುಮ್ನೆ ಇದ್ದರೆ ಸಿಗ್ನಲ್ ಅಲ್ಲಿಯವರೆಗೆ ತಲುಪುತ್ತಲೇ ಇಲ್ಲ. ಕೆಲವು ಮಾಡೆಲ್‌ನಲ್ಲಿ ಎರಡಕ್ಕೂ ಒಂದೇ ಲೈಟ್ ಇರುತ್ತದೆ, ಅದೊಂದು ನೋಡಿಕೊಳ್ಳಿ.

ಎರಡು ತಿಂಗಳು ಪವರ್ ಇರಲಿಲ್ಲ ಅಂದಿರಿ. ಬ್ಯಾಟರಿ ಮೇಲೆ ನೆನಪು ಇಟ್ಟುಕೊಳ್ಳುವ ಪಿಎಲ್‌ಸಿ ಆಗಿದ್ದರೆ, ಬ್ಯಾಟರಿ ಖಾಲಿಯಾಗಿ ಪೋರ್ಟ್ ಸೆಟ್ಟಿಂಗ್ ಫ್ಯಾಕ್ಟರಿ ಬೆಲೆಗೆ ಹೋಗಿರಬಹುದು. ಉದಾಹರಣೆಗೆ ಡೆಲ್ಟಾ ಡಿವಿಪಿಯಲ್ಲಿ ಫ್ಯಾಕ್ಟರಿಯಿಂದ ಬರುವುದು 9600, 7 ಬಿಟ್, ಈವನ್, 1 ಸ್ಟಾಪ್, ಅದೂ ಆಸ್ಕಿ ಮೋಡ್. ನಿಮ್ಮದು 8 ಬಿಟ್ ಆರ್‌ಟಿಯು. ಹಾಗಾದರೆ ಎಷ್ಟು ಕೂಗಿದರೂ ಉತ್ತರ ಬರುವುದಿಲ್ಲ. ಆದರೆ ನಿಮಗೆ ನಡುವೆ ಎರಡು ಮೂರು ಸೆಕೆಂಡ್ ನಂಬರ್ ಬರುತ್ತಿದೆ. ಸೆಟ್ಟಿಂಗ್ ತಪ್ಪಿದ್ದರೆ ಅಷ್ಟೂ ಬರುತ್ತಿರಲಿಲ್ಲ. ಅದಕ್ಕೇ ನನಗೆ ವೈರ್ ಮೇಲೇ ಜಾಸ್ತಿ ಅನುಮಾನ.

ಎ ಬಿ ಬಗ್ಗೆ ಒಂದು ಮಾತು. ಒಂದು ಕಂಪನಿಯ ಎ ಇನ್ನೊಂದು ಕಂಪನಿಯ ಬಿ ಆಗಿರುತ್ತದೆ. ಹೆಸರು ನಂಬಬೇಡಿ, ಪ್ಲಸ್ ಮೈನಸ್ ಗುರುತು ನೋಡಿ. ಅದಲು ಬದಲಾದರೆ ಏನೂ ಸುಡುವುದಿಲ್ಲ, ಮಾತಾಡುವುದಿಲ್ಲ ಅಷ್ಟೇ.

ಕಾಳಿ_ದಂಡೆ

ದಾಂಡೇಲಿಯಿಂದ ಬರೆಯುತ್ತಿದ್ದೇನೆ, ಇನ್‌ಸ್ಟ್ರುಮೆಂಟೇಶನ್ ಕೆಲಸ. ಸೆಟ್ಟಿಂಗ್ ಬದಲಾಯಿಸುವುದನ್ನು ದಯವಿಟ್ಟು ನಿಲ್ಲಿಸಿ. ಇಷ್ಟು ಬದಲಾಯಿಸಿದ್ದು ಸಾಕು. ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ.

ಎರಡೂ ಕಡೆ ಪವರ್ ಆಫ್ ಮಾಡಿ. ಪ್ಯಾನೆಲ್ ಕಡೆ ಎ ಮತ್ತು ಬಿ ನಡುವೆ ಓಮ್ಸ್ ಅಳೆಯಿರಿ. ಲೈನಿನ ಎರಡೂ ತುದಿಗೆ 120 ಓಮ್ಸ್ ಟರ್ಮಿನೇಶನ್ ರೆಸಿಸ್ಟರ್ ಇದ್ದರೆ ಮೀಟರ್ 60ರ ಹತ್ತಿರ ತೋರಿಸಬೇಕು, ಎರಡು 120 ಪ್ಯಾರಲಲ್. 120 ತೋರಿಸಿದರೆ ಒಂದು ತುದಿ ಕಾಣುತ್ತಿಲ್ಲ. ನಡುವಿನ ಯಾವುದೋ ನಂಬರ್ ತೋರಿಸಿ ಕುಣಿಯುತ್ತಿದ್ದರೆ ಎಲ್ಲೋ ಕನೆಕ್ಷನ್ ಕೆಟ್ಟಿದೆ. ಅಳೆಯುವಾಗ ಕೇಬಲ್ ಅಲ್ಲಾಡಿಸಿ ನೋಡಿ.

9600ರಲ್ಲಿ 45 ಮೀಟರ್‌ಗೆ ಟರ್ಮಿನೇಶನ್ ಇಲ್ಲದಿದ್ದರೂ ಸಿಗ್ನಲ್‌ಗೆ ದೊಡ್ಡ ತೊಂದರೆ ಇಲ್ಲ. ಒಂದು ಬಿಟ್ 104 ಮೈಕ್ರೋ ಸೆಕೆಂಡ್ ಇರುತ್ತದೆ, ಅಷ್ಟು ಕೇಬಲ್‌ನಲ್ಲಿ ಸಿಗ್ನಲ್ ಹೋಗಿ ಬರಲು ಅರ್ಧ ಮೈಕ್ರೋ ಸೆಕೆಂಡೂ ಬೇಡ. ಪ್ರತಿಧ್ವನಿ ಅಷ್ಟರೊಳಗೆ ಅಡಗಿರುತ್ತದೆ. ಆದರೆ ವೈರ್ ಕೊನೆಯವರೆಗೆ ಇದೆಯೋ ಇಲ್ಲವೋ ಅಂತ ಈ ರೆಸಿಸ್ಟರ್ ಕೂತಲ್ಲಿಯೇ ಹೇಳಿಬಿಡುತ್ತದೆ. ನನಗೆ ಅದಕ್ಕೇ ಅದು ಇಷ್ಟ.

ಇನ್ಸುಲೇಶನ್ ಅಳೆಯುವ ಮೆಗ್ಗರ್ ಮಾತ್ರ ಈ ಲೈನಿಗೆ ಹಚ್ಚಬೇಡಿ. 500 ವೋಲ್ಟ್ ಹೋದರೆ ಎರಡೂ ಕಡೆಯ ಪೋರ್ಟ್ ಸತ್ತು ಹೋಗುತ್ತವೆ.

ಘಟ್ಟದ_ಮೇಲಿನವ

ತಮ್ಮಾ, ಒಂದು ಮಾತು ಕೇಳು. ಆ ಕೇಬಲ್‌ಗೆ ನಡುವೆ ಜಂಕ್ಷನ್ ಬಾಕ್ಸ್ ಇದೆಯಾ? ಕಂಪ್ರೆಸರ್ ರೂಮಿನ ಒಳಗೆ ಇದೆಯಾ?

ನಾನು ಈಗ ಶಿರಸಿಯಲ್ಲಿ ಅಡಿಕೆ ಮಷಿನ್ ರಿಪೇರಿ ಮಾಡುತ್ತೇನೆ. ಮೊದಲು ಕರಾವಳಿಯಲ್ಲಿ ಅಮೋನಿಯಾ ಪ್ಲಾಂಟ್‌ನಲ್ಲಿ ಹನ್ನೊಂದು ವರ್ಷ ಇದ್ದೆ. ಅಮೋನಿಯಾ ಲೈನಿಗೆ ಕಬ್ಬಿಣದ ಪೈಪೇ ಯಾಕೆ ಹಾಕುತ್ತಾರೆ, ತಾಮ್ರ ಯಾಕೆ ಹಾಕುವುದಿಲ್ಲ, ನಿನಗೆ ಗೊತ್ತಿದ್ದದ್ದೇ. ತೇವ ಇದ್ದರೆ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಪೈಪಿಗೆ ಈ ನಿಯಮ ಎಲ್ಲರೂ ಪಾಲಿಸುತ್ತಾರೆ, ಅದೇ ರೂಮಿನಲ್ಲಿ ಇರುವ ಕಂಟ್ರೋಲ್ ವೈರೂ ತಾಮ್ರವೇ ಅಂತ ಯಾರಿಗೂ ನೆನಪಾಗುವುದಿಲ್ಲ. ಮೂಗಿಗೆ ಬರುವಷ್ಟು ಲೀಕ್ ಬೇಕು ಅಂತಿಲ್ಲ. ಅಮೋನಿಯಾ ಲೈನಿನ ಗ್ಲ್ಯಾಂಡಿನಿಂದ ಸ್ವಲ್ಪ ಸ್ವಲ್ಪ ಬಂದದ್ದು ಮುಚ್ಚಿದ ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತದೆ. ಮೇಲೆ ಉಪ್ಪು ಗಾಳಿ, ಜೂನ್ ಜುಲೈ ಮಳೆ. ಪ್ಲಾಂಟ್ ನಡೆಯುತ್ತಿದ್ದರೆ ಪೆಟ್ಟಿಗೆ ಒಳಗೆ ಒಂದಿಷ್ಟು ಬಿಸಿ ಇರುತ್ತದೆ, ತೇವ ಕೂರುವುದಿಲ್ಲ. ನೀವು ಎರಡು ತಿಂಗಳು ಪೂರ್ತಿ ತಣ್ಣಗೆ ಬಿಟ್ಟಿರಿ.

ಬಾಕ್ಸ್ ತೆರೆದು ಸ್ಕ್ರೂ ಸಡಿಲ ಮಾಡಿ ವೈರ್ ಹೊರಗೆ ಎಳೆದು ನೋಡು. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ.

ಬೈತಖೋಲ್_ಐಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಆರಕ್ಕೇ ಹೋಗಿ ಶುರು ಮಾಡಿದೆ.

ಪ್ಯಾನೆಲ್ ಕಡೆ ಓಮ್ಸ್ 118 ತೋರಿಸಿತು. ಕೇಬಲ್ ಅಲ್ಲಾಡಿಸಿದರೆ 74, ಕೈ ಬಿಟ್ಟರೆ ಮತ್ತೆ 110 ದಾಟಿತು. ಕಾಳಿ ದಂಡೆ ಅಕ್ಕ ಹೇಳಿದ ಹಾಗೆಯೇ ಕುಣಿಯುತ್ತಿತ್ತು.

ಘಟ್ಟದ ಮೇಲಿನ ರಾಯರೇ, ಜಂಕ್ಷನ್ ಬಾಕ್ಸ್ ಇದೆ. ಕಂಪ್ರೆಸರ್ ರೂಮಿನ ಬಾಗಿಲ ಮೇಲೆ. ನನಗೆ ಮುಂಚೆ ಇದ್ದವರು ಹಾಕಿದ್ದು, ಡ್ರಾಯಿಂಗ್‌ನಲ್ಲಿ ಅದು ಇಲ್ಲವೇ ಇಲ್ಲ. ಮುಚ್ಚಳ ತೆಗೆದರೆ ಒಳಗೆ ಎಲ್ಲ ಸರಿ ಕಂಡಿತು, ಸ್ಕ್ರೂ ಟೈಟ್ ಇತ್ತು. ವೈರ್ ಹೊರಗೆ ಎಳೆದಾಗ ಅದರ ತುದಿಗೆ ಹಾಕಿದ್ದ ಪಿನ್ ಲಗ್ಸ್ ಟರ್ಮಿನಲ್ ಒಳಗೇ ಉಳಿಯಿತು, ವೈರ್ ಮಾತ್ರ ಕೈಗೆ ಬಂತು. ತುದಿಯಲ್ಲಿ ನೀಲಿ ಹಸಿರು ಹಿಟ್ಟು. ಎರಡು ಮೂರು ಎಳೆ ಮಾತ್ರ ಉಳಿದಿದ್ದವು, ಮುಟ್ಟಿದರೆ ಮುರಿದವು. ಇನ್ಸುಲೇಶನ್ ಬಿಡಿಸುತ್ತಾ ಹೋದರೆ ಸುಮಾರು ಒಂದು ಗೇಣು ಒಳಗಿನವರೆಗೂ ತಾಮ್ರ ಕಪ್ಪಾಗಿತ್ತು. ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದೆ. ಆ ಬಾಕ್ಸ್ ತೆಗೆದೇ ಹಾಕಿದೆ, ಜಾಯಿಂಟನ್ನು ಹೊರಗಡೆ ವರಾಂಡಾದಲ್ಲಿ ಹೊಸ ಬಾಕ್ಸ್‌ಗೆ ತಂದೆ. ತವರ ಲೇಪ ಇರುವ ಪಿನ್ ಲಗ್ಸ್ ಹಾಕಿ, ಕೇಬಲ್ ಒಳಬರುವ ಗ್ಲ್ಯಾಂಡ್ ಕೆಳಮುಖವಾಗಿ ಕೂರಿಸಿದೆ.

ಈಗ ಓಮ್ಸ್ 61. ಪವರ್ ಹಾಕಿದ ಕೂಡಲೇ ಎಲ್ಲ ನಂಬರ್ ಬಂತು. ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ನಾಲ್ಕು ದಿನದಿಂದ ನಿದ್ದೆ ಇರಲಿಲ್ಲ.

ಆದರೆ ಕಂಪ್ರೆಸರ್ ಸ್ಟಾರ್ಟ್ ಮಾಡಿದ ಕೂಡಲೇ ಮತ್ತೆ ಸ್ಟೇಷನ್ 1 ಹೋಗುತ್ತದೆ. ನಿಲ್ಲಿಸಿದರೆ ಬರುತ್ತದೆ. ಪ್ರತಿ ಸಲ ಹೀಗೇ.

ಅಘನಾಶಿನಿ_ಬದಿ

61 ಅಂದರೆ ಚಿನ್ನದಂಥ ಲೈನ್. ಆ ಒಂದು ಓಮ್ ಕೇಬಲ್‌ನದೇ.

ಈಗ ಉಳಿದದ್ದು ನಾಯ್ಸ್, ಅಂದರೆ ಹತ್ತಿರದ ಪವರ್ ವೈರಿನಿಂದ ಸಿಗ್ನಲ್‌ಗೆ ಸೇರುವ ಗದ್ದಲ. ಈ ಕೇಬಲ್ ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಹೋಗುತ್ತಿದೆಯಾ? ಹಾಗಿದ್ದರೆ ಬೇರೆ ಮಾಡಿ, ಒಂದಡಿ ದೂರವಾದರೂ ಇರಲಿ, ದಾಟಬೇಕಾದ ಕಡೆ ಅಡ್ಡಲಾಗಿ ದಾಟಿಸಿ. ಕೇಬಲ್‌ನ ಶೀಲ್ಡ್ (ವೈರ್ ಸುತ್ತಿನ ಲೋಹದ ಹೊದಿಕೆ) ಎರಡೂ ಕಡೆ ಅರ್ಥ್ ಮಾಡಿದ್ದರೆ ಒಂದು ಕಡೆ ಬಿಚ್ಚಿ. ನಾನು ಯಾವಾಗಲೂ ಪ್ಯಾನೆಲ್ ಕಡೆ ಮಾತ್ರ ಕೊಡುವುದು.

ಕಾಳಿ_ದಂಡೆ

ಶೀಲ್ಡ್ ವಿಷಯದಲ್ಲಿ ನಮ್ಮಲ್ಲಿ ಬೇರೆ ಪದ್ಧತಿ ಇದೆ. ಮೋಟಾರ್ ವೇಗ ಬದಲಿಸುವ ದೊಡ್ಡ ಡ್ರೈವ್ ಇರುವ ಕಡೆ ಎರಡೂ ತುದಿಗೆ ಕೊಡುತ್ತೇವೆ, ಯಾಕಂದರೆ ಡ್ರೈವಿನ ಹೈ ಫ್ರೀಕ್ವೆನ್ಸಿ ನಾಯ್ಸ್‌ಗೆ ಒಂದೇ ತುದಿ ಸಾಲುವುದಿಲ್ಲ. ಆದರೆ ಅದಕ್ಕೆ ಎರಡೂ ಕಡೆಯ ಅರ್ಥ್ ಒಂದೇ ಮಟ್ಟದಲ್ಲಿ ಇರಬೇಕು. ನಿಮ್ಮಲ್ಲಿ ಡ್ರೈವ್ ಇಲ್ಲ, ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇರಬೇಕು ಅಲ್ವಾ. ಬರೀ ನಾಯ್ಸ್ ಆಗಿದ್ದರೆ ಸ್ಟಾರ್ಟ್ ಆಗುವ ಹೊತ್ತಿಗೆ ಒಂದೆರಡು ಸಲ ತಪ್ಪಿ ಆಮೇಲೆ ಸರಿಹೋಗಬೇಕಿತ್ತು. ಓಡುವಷ್ಟು ಹೊತ್ತೂ ಹೋಗುತ್ತಿದೆ ಅಂದರೆ ನನಗೆ ಅರ್ಥ್ ಮೇಲೆ ಅನುಮಾನ.

ಆರ್‌ಎಸ್-485ಗೆ ಎರಡು ವೈರ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ರಿಸೀವರ್ ಎ ಮತ್ತು ಬಿ ನಡುವಿನ ವ್ಯತ್ಯಾಸ ನೋಡುತ್ತದೆ, 200 ಮಿಲಿವೋಲ್ಟ್ ಇದ್ದರೂ ಅದಕ್ಕೆ ಸಾಕು. ಆದರೆ ಆ ಎರಡೂ ವೈರ್ ಅದರ ಸ್ವಂತ ಗ್ರೌಂಡ್‌ಗೆ ಹೋಲಿಸಿದರೆ ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ಒಳಗೆ ಇರಬೇಕು. ಆಚೆ ಹೋದರೆ ಕೇಳಿಸುವುದು ನಿಲ್ಲುತ್ತದೆ, ಜಾಸ್ತಿಯಾದರೆ ಚಿಪ್ಪೇ ಹೋಗುತ್ತದೆ. ಎರಡು ರೂಮಿನ ಅರ್ಥ್ ನಡುವೆ ವೋಲ್ಟೇಜ್ ಇದ್ದರೆ ಅದು ನೇರವಾಗಿ ಇಲ್ಲಿ ಬಂದು ಕೂರುತ್ತದೆ.

ಕೇಬಲ್‌ನಲ್ಲಿ ಖಾಲಿ ಪೇರ್ (ಬಳಸದ ಜೋಡಿ ವೈರ್) ಇದ್ದರೆ ಒಂದು ವೈರನ್ನು ಪಿಎಲ್‌ಸಿ ಕಡೆ ಅರ್ಥ್‌ಗೆ ಕೊಡಿ. ಶೀಲ್ಡ್ ಬಿಚ್ಚಿ. ಪ್ಯಾನೆಲ್ ಕಡೆ ಆ ವೈರ್ ಮತ್ತು ಅಲ್ಲಿನ ಅರ್ಥ್ ನಡುವೆ ಎಸಿ ವೋಲ್ಟ್ ಅಳೆಯಿರಿ. ಕಂಪ್ರೆಸರ್ ನಿಂತಾಗ ಒಮ್ಮೆ, ಓಡುವಾಗ ಒಮ್ಮೆ. ಬಿಚ್ಚುವ ಕೆಲಸ ಪ್ಲಾಂಟ್ ಆಫ್ ಮಾಡಿಯೇ ಮಾಡಿ, ಒಬ್ಬರೇ ಹೋಗಬೇಡಿ.

ಬೈತಖೋಲ್_ಐಸ್

ಅಕ್ಕ, ನಿಂತಾಗ 0.6 ವೋಲ್ಟ್. ಓಡುವಾಗ 9.2.

ಪ್ಲಾಂಟ್ ಆಫ್ ಮಾಡಿದ ತಕ್ಷಣ ಶೀಲ್ಡ್ ಬಿಚ್ಚಲು ಹೋದರೆ ಶೀಲ್ಡ್ ಜೊತೆಗಿನ ಬರಿ ತಂತಿ, ಆ ಡ್ರೈನ್ ವೈರ್, ಕೈಗೆ ಬೆಚ್ಚಗೆ ಹತ್ತಿತು. ಅದರಲ್ಲಿ ಕರೆಂಟ್ ಹರಿಯುತ್ತಿತ್ತು ಅಂತಾಯಿತು ಅಲ್ವಾ? ಶೀಲ್ಡ್ ಬಿಚ್ಚಿದ ಮೇಲೂ ಕಂಪ್ರೆಸರ್ ಹಾಕಿದರೆ ಸ್ಟೇಷನ್ 1 ಬರುತ್ತಿಲ್ಲ.

ಕಾಳಿ_ದಂಡೆ

ಮೀಟರ್ ತೋರಿಸುವ 9.2ರ ತುದಿ ಬೆಲೆ ಸುಮಾರು 13 ವೋಲ್ಟ್. ಎರಡೂ ಕಡೆ ಮಿತಿ ದಾಟಿತು. ಕಮ್ಯುನಿಕೇಶನ್ ಹೋಗುವುದಕ್ಕೆ ಕಾರಣ ಸಿಕ್ಕಿತು.

ಆದರೆ ಈಗ ಕಮ್ಯುನಿಕೇಶನ್ ಮಾತು ಬಿಡಿ. ಯಾವುದೋ ಮೋಟಾರಿನ ಲೋಹದ ಮೈಗೆ ಕರೆಂಟ್ ಲೀಕ್ ಆಗುತ್ತಿದೆ, ಆ ರೂಮಿನ ಅರ್ಥ್ ಅದನ್ನು ಎಳೆದುಕೊಳ್ಳುತ್ತಿಲ್ಲ. ನೆಲ ಪೂರ್ತಿ ಒದ್ದೆ ಇರುವ ಜಾಗ ಅದು. ಐಸ್ ಎತ್ತುವವರು ಬರಿಗಾಲಲ್ಲಿ ಓಡಾಡುತ್ತಾರೆ. ಇದನ್ನು ಸರಿ ಮಾಡುವವರೆಗೆ ಪ್ಲಾಂಟ್ ಓಡಿಸಬೇಡಿ ಅಂತ ಮಾಲೀಕರಿಗೆ ಗಟ್ಟಿಯಾಗಿ ಹೇಳಿ. ಬೇಕಾದರೆ ನಾನು ಬರೆದದ್ದನ್ನೇ ತೋರಿಸಿ. ಕಂಪ್ರೆಸರ್ ಜೊತೆ ಬೇರೆ ಏನೇನು ಆನ್ ಆಗುತ್ತದೆ ಅಂತ ಪಟ್ಟಿ ಮಾಡಿ ಒಂದೊಂದೇ ಆಫ್ ಮಾಡಿ ಅಳೆಯಿರಿ.

ಘಟ್ಟದ_ಮೇಲಿನವ

ಕಂಡೆನ್ಸರ್ ನೀರಿನ ಪಂಪ್ ಮೊದಲು ನೋಡು ತಮ್ಮಾ. ಹೊರಗೆ ಮಳೆಯಲ್ಲಿ ನಿಂತಿರುವುದು ಅದೇ. ಅರ್ಥ್ ಪಟ್ಟಿ ಗೋಡೆಯಿಂದ ನೆಲಕ್ಕೆ ಬಾಗುವ ಜಾಗದಲ್ಲಿ ಕೈಯಿಂದ ಅಲ್ಲಾಡಿಸಿ ನೋಡು, ಮೇನ್ ಆಫ್ ಮಾಡಿ.

ಬೈತಖೋಲ್_ಐಸ್

ಎರಡು ದಿನ ಬರೆಯಲು ಆಗಲಿಲ್ಲ. ರಾಯರು ಹೇಳಿದ್ದೇ ನಿಜವಾಯಿತು. ಪಂಪ್ ಮೋಟಾರ್ ವೈರ್ ಬಿಚ್ಚಿ ಮೆಗ್ಗರ್ ಹಾಕಿದರೆ 0.1 ಮೆಗಾಓಮ್ ಕೂಡ ಇರಲಿಲ್ಲ. ಅರ್ಥ್ ಪಟ್ಟಿ ಜಿಐದು (ಸತು ಲೇಪದ ಕಬ್ಬಿಣ), ಬಾಗುವ ಜಾಗದಲ್ಲಿ ಮೇಲೆ ಪೇಂಟ್ ಇತ್ತು, ಒಳಗೆ ತುಕ್ಕು ತಿಂದು ಪೂರ್ತಿ ತುಂಡಾಗಿತ್ತು. ಬೆರಳಲ್ಲಿ ಒತ್ತಿದರೆ ಪದರ ಪದರ ಉದುರಿತು. ನೀರಿನ ಪೈಪ್ ಮೂಲಕ ಅಷ್ಟೋ ಇಷ್ಟೋ ಅರ್ಥ್ ಸಿಗುತ್ತಿತ್ತು, ಉಳಿದದ್ದು ನಮ್ಮ ಶೀಲ್ಡ್ ಮೂಲಕ ಆಫೀಸ್ ಅರ್ಥ್‌ಗೆ ಹೋಗುತ್ತಿತ್ತು ಅಂತ ಕಾಣುತ್ತದೆ. ಮಾಲೀಕರು ಪಟ್ಟಿ ಕಣ್ಣಾರೆ ನೋಡಿದ ಮೇಲೆ ಒಂದು ಮಾತೂ ಆಡದೆ ಪ್ಲಾಂಟ್ ನಿಲ್ಲಿಸಲು ಒಪ್ಪಿದರು.

ಹೊಸ ಪಟ್ಟಿ ಹಾಕಿಸಿದೆವು. ಮೋಟಾರ್ ಬಿಚ್ಚಿ ಬಲ್ಬ್ ಇಟ್ಟು ಎರಡು ರಾತ್ರಿ ಒಣಗಿಸಿದೆವು, ಈಗ 12 ಮೆಗಾಓಮ್. ಪಂಪ್ ಫೀಡರಿಗೆ ಅರ್ಥ್ ಲೀಕೇಜ್ ರಿಲೇ ಕೂಡ ಹಾಕಿಸುತ್ತಿದ್ದೇವೆ. ಅರ್ಥ್ ನಡುವಿನ ವೋಲ್ಟೇಜ್ ಈಗ ಓಡುವಾಗಲೂ 0.4. ಶೀಲ್ಡ್ ಪ್ಯಾನೆಲ್ ಕಡೆ ಮಾತ್ರ ಕೊಟ್ಟೆ, ಖಾಲಿ ಪೇರನ್ನು ಎರಡೂ ಕಡೆಯ ಪೋರ್ಟಿನ ಸಿಗ್ನಲ್ ಗ್ರೌಂಡ್‌ಗೆ ಕೊಟ್ಟೆ. ನಿನ್ನೆ ಸಂಜೆಯಿಂದ ಕಂಪ್ರೆಸರ್ ಓಡುತ್ತಿದೆ, ಒಂದು ಎರರ್ ಕೂಡ ಇಲ್ಲ.

ಒಂದೇ ಅನುಮಾನ. ಸಕ್ಷನ್ ಪ್ರೆಶರ್ ಜಾಗದಲ್ಲಿ ಪ್ಯಾನೆಲ್ 13.5 ತೋರಿಸುತ್ತಿದೆ. ಗೇಜ್‌ನಲ್ಲಿ 1.4 ಇದೆ. ಡಿಸ್ಚಾರ್ಜ್ ಜಾಗದಲ್ಲಿ 3.6. ಸೆನ್ಸರ್ ಹೋಯಿತಾ?

ಅಘನಾಶಿನಿ_ಬದಿ

ಸೆನ್ಸರ್ ಮುಟ್ಟಬೇಡಿ. 13.5 ನಿಮ್ಮ ಡಿಸ್ಚಾರ್ಜ್ ಗೇಜ್ ಬೆಲೆ ಇರಬೇಕು, 3.6 ಆಯಿಲ್ ಪ್ರೆಶರ್ ಇರಬೇಕು. ಎಲ್ಲವೂ ಒಂದು ಮನೆ ಮುಂದೆ ಹೋಗಿವೆ. ನೀವು ಮೊದಲ ದಿನ ಲೋಡ್ ಮಾಡಿದ ಬ್ಯಾಕಪ್ ಹಳೆಯದು. ಮಾಡ್‌ಬಸ್‌ನಲ್ಲಿ ಇದು ಯಾವಾಗಲೂ ಬರುವ ಗೊಂದಲ. ಪುಸ್ತಕದಲ್ಲಿ 40001 ಅಂತ ಬರೆದ ರಿಜಿಸ್ಟರ್ (ಪಿಎಲ್‌ಸಿ ಒಂದು ನಂಬರ್ ಇಡುವ ಮನೆ) ವೈರ್ ಮೇಲೆ ಹೋಗುವಾಗ ಅಡ್ರೆಸ್ 0. ಕೆಲವು ಪ್ಯಾನೆಲ್ 1ರಿಂದ ಎಣಿಸುತ್ತವೆ, ಕೆಲವು 0ಯಿಂದ. ಪ್ರೋಗ್ರಾಂನಲ್ಲಿ ಆ ಆಯ್ಕೆ ಬದಲಾಗಿದ್ದರೆ ಒಂದೂ ಎರರ್ ಇಲ್ಲದೆ ಪಕ್ಕದ ನಂಬರ್ ಬರುತ್ತದೆ. ಆಪರೇಟರ್ ಅದನ್ನೇ ನಂಬಿ ವಾಲ್ವ್ ತಿರುಗಿಸುತ್ತಾನೆ, ಅದೇ ಭಯ. ಪ್ರೆಶರ್ ಮಿತಿ ಮೀರಿದರೆ ಕಂಪ್ರೆಸರ್ ನಿಲ್ಲಿಸುವ ಎಚ್‌ಪಿ ಎಲ್‌ಪಿ (ಹೈ, ಲೋ ಪ್ರೆಶರ್) ಕಟ್‌ಔಟ್ ನೇರ ವೈರಿಂಗ್‌ನಲ್ಲಿ ಇದೆ ತಾನೇ?

ಬೈತಖೋಲ್_ಐಸ್

ಹೌದು, ಕಟ್‌ಔಟ್ ನೇರವಾಗಿ ಸ್ಟಾರ್ಟರ್ ಕಾಯಿಲ್‌ಗೆ ಇದೆ, ಪ್ಯಾನೆಲ್‌ಗೆ ಸಂಬಂಧ ಇಲ್ಲ. ಗೇಜ್ ಮುಂದೆ ಒಬ್ಬನನ್ನು ನಿಲ್ಲಿಸಿ ಫೋನ್‌ನಲ್ಲಿ ಒಂದೊಂದೇ ಓದಿಸಿದೆ. ನೀವು ಹೇಳಿದ ಹಾಗೆ ಎಲ್ಲವೂ ಒಂದು ಮನೆ ಮುಂದೆ. ಅಡ್ರೆಸ್ ಎಣಿಕೆಯ ಆ ಆಯ್ಕೆ ಬದಲಾಯಿಸಿ ಲೋಡ್ ಮಾಡಿದೆ. ಈಗ ಸಕ್ಷನ್ 1.4, ಡಿಸ್ಚಾರ್ಜ್ 13.5, ಆಯಿಲ್ 3.6, ಮೂರೂ ಗೇಜ್‌ಗೆ ಸರಿ. ಈ ಪ್ರೋಗ್ರಾಂ ಪೆನ್‌ಡ್ರೈವ್‌ಗೆ ಹಾಕಿ ತಾರೀಖು ಬರೆದು ಬೋರ್ಡ್ ಒಳಗೇ ಅಂಟಿಸಿದ್ದೇನೆ, ವರಾಂಡಾದ ಹೊಸ ಬಾಕ್ಸನ್ನೂ ಡ್ರಾಯಿಂಗ್‌ನಲ್ಲಿ ಕೆಂಪು ಪೆನ್ನಿನಲ್ಲಿ ಹಾಕಿದೆ.

ರಾಯರೇ, ಮುಂದಿನ ಜೂನ್‌ನಲ್ಲಿ ಮೇನ್ ಪೂರ್ತಿ ಇಳಿಸದೆ ಬೋರ್ಡ್ ಒಳಗಿನ ಹೀಟರ್ ಮಾತ್ರ ಆನ್ ಇಡಬೇಕು ಅಂತಿದ್ದೇನೆ. ಎಷ್ಟು ವ್ಯಾಟ್ ಹಾಕಲಿ?

ಘಟ್ಟದ_ಮೇಲಿನವ

ಬೋರ್ಡ್ ಅಳತೆ ಬರೆ ತಮ್ಮಾ, ಹೇಳುತ್ತೇನೆ. ಥರ್ಮೋಸ್ಟಾಟ್ ಬದಲು ತೇವ ನೋಡಿ ಹೀಟರ್ ಹಾಕುವ ಹ್ಯುಮಿಡಿಸ್ಟಾಟ್ ಹಾಕು, ನಿಮ್ಮಲ್ಲಿ ಮಳೆಗಾಲದಲ್ಲಿ ತೊಂದರೆ ಕೊಡುವುದು ಚಳಿಯಲ್ಲ, ತೇವ.